ಮೆಕ್ಕೆಜೋಳದ ಮಂಡಿಯಲ್ಲಿ ಇಂಟರ್ನ್‌ಶಿಪ್: ದಾವಣಗೆರೆಯ ಒಂದು ದಲಾಲಿ ಅಂಗಡಿಗೆ ನನ್ನ ರೇಟಿಂಗ್

ಐದಕ್ಕೆ ಮೂರೂವರೆ ಸ್ಟಾರ್. ಕಲಿಕೆಗೆ ಐದು, ಸೌಕರ್ಯಕ್ಕೆ ಒಂದೂವರೆ, ಚಹಾಕ್ಕೆ ನಾಲ್ಕು. ಸರಾಸರಿ ತೆಗೆದು ನೋಡಿ, ತಾಳೆ ಆಗುತ್ತದೆ. ಬಿ.ಕಾಂ ಓದಿದ್ದಕ್ಕೆ ಅಷ್ಟಾದರೂ ಬರಬೇಕಲ್ವಾ.

ಇದು ದಾವಣಗೆರೆ ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಪ್ರಾಂಗಣದ ಒಂದು ದಲಾಲಿ ಅಂಗಡಿಯ, ಅಂದರೆ ರೈತರ ಮಾಲನ್ನು ಕಮಿಷನ್‌ಗೆ ಮಾರಿಸಿಕೊಡುವ ಅಂಗಡಿಯ ರಿವ್ಯೂ. ಮಾಲು ಮಾರೋಕೆ ಬರುವ ರೈತರಿಗಿಂತ, ಇಂಟರ್ನ್‌ಶಿಪ್ ಎಲ್ಲಿ ಮಾಡೋದು ಅಂತ ಒದ್ದಾಡುವ ನನ್ನಂಥ ಕಾಮರ್ಸ್ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುತ್ತಿಲ್ಲ. ಅಂಗಡಿಯ ಮಾಲೀಕರಾದ ಸಾವ್ಕಾರರನ್ನು ಕೇಳಿದಾಗ, "ಬ್ಯಾಡವ್ವಾ. ಹೊಗಳಿದ್ರೆ ಪಕ್ಕದ ಅಂಗಡಿಯೋರು ನಗ್ತಾರೆ, ಬೈದ್ರೆ ನಮ್ಮ ಮನಿಯೋರು ನಗ್ತಾರೆ" ಅಂದರು. ನಾನು ಬರೆದಿರುವುದರಲ್ಲಿ ಮುಕ್ಕಾಲು ಭಾಗ ಅಲ್ಲಿನ ಯಾವ ಮೆಕ್ಕೆಜೋಳದ ಅಂಗಡಿಗೂ ಹೊಂದುತ್ತದೆ, ಹಾಗಾಗಿ ಹೆಸರು ಇಲ್ಲದಿದ್ದರೂ ನಷ್ಟವಿಲ್ಲ.

ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷಕ್ಕೆ ಇಂಟರ್ನ್‌ಶಿಪ್ ವರದಿ ಕೊಡಬೇಕು. ಕ್ಲಾಸಿನ ಹೆಚ್ಚಿನವರು ಆಡಿಟರ್ ಆಫೀಸಿಗೆ ಹೋದರು. ಕೆಲವರು ಬಟ್ಟೆ ಅಂಗಡಿ, ಇಬ್ಬರು ಬೈಕ್ ಶೋರೂಂ. ನನ್ನ ರೂಮಿನ ಗೆಳತಿ ಮೊಬೈಲಲ್ಲೇ ಒಂದು 'ಡಿಜಿಟಲ್ ಮಾರ್ಕೆಟಿಂಗ್ ಇಂಟರ್ನ್‌ಶಿಪ್' ಹಿಡಿದಳು. ಸೇರೋಕೆ ಅವಳೇ ದುಡ್ಡು ಕಟ್ಟಿದಳು, ನಾಲ್ಕು ವಿಡಿಯೋ ನೋಡಿದಳು, ಬಣ್ಣಬಣ್ಣದ ಸರ್ಟಿಫಿಕೇಟ್ ಬಂತು. ಏನು ಕಲಿತೆ ಅಂತ ಕೇಳಿದರೆ, ದುಡ್ಡು ಕಟ್ಟಿಸಿಕೊಂಡು ವಿಡಿಯೋ ತೋರಿಸುವುದೂ ಒಂದು ವ್ಯಾಪಾರ ಅಂತ ಕಲಿತೆ ಅನ್ನುತ್ತಾಳೆ. ಅದೂ ಪಾಠವೇ ಬಿಡಿ.

ನಾನು ಮಂಡಿ ಆರಿಸಿಕೊಂಡಿದ್ದಕ್ಕೆ ಕಾರಣ ಮನೆಯಲ್ಲೇ ಇತ್ತು. ನಮ್ಮದು ಜಗಳೂರು ಕಡೆ ಹಳ್ಳಿ. ಅಪ್ಪ ಪ್ರತಿ ವರ್ಷ ಮೆಕ್ಕೆಜೋಳ ಹಾಕುತ್ತಾರೆ, ದಾವಣಗೆರೆಗೆ ತಂದು ಮಾರುತ್ತಾರೆ, ಮಾರಾಟದ ಲೆಕ್ಕ ಬರೆದ ಒಂದು ಪಟ್ಟಿ ಜೇಬಿನಲ್ಲಿಟ್ಟುಕೊಂಡು ವಾಪಸ್ ಬರುತ್ತಾರೆ. ಆ ಪಟ್ಟಿಯ ಕೊನೆಯ ಸಾಲಿನ ಮೊತ್ತ ಬಿಟ್ಟರೆ ಬೇರೆ ಯಾವ ಸಾಲೂ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಬರೆಯುವವರ ಪಕ್ಕ ಕೂತು ನೋಡಬೇಕು ಅನ್ನಿಸಿತು. ಅಪ್ಪ ಹೋಗುವ ಅಂಗಡಿ ಬೇಡ ಅಂತ ಬೇರೆ ಅಂಗಡಿಗೇ ಹೋದೆ.

ಕಾಲೇಜು ಬೆಳಗ್ಗೆ, ಅಂಗಡಿ ಮಧ್ಯಾಹ್ನದ ಮೇಲೆ. ಮೆಕ್ಕೆಜೋಳದ ಮಂಡಿಗೆ ಇದು ಸರಿಹೊಂದುವ ಹೊತ್ತು. ಬೆಳಗ್ಗೆ ಮಾಲು ಬಂದು ರಾಶಿ ಬೀಳುತ್ತದೆ, ಆಮೇಲೆ ಟೆಂಡರ್ (ಖರೀದಿದಾರರು ರೇಟು ಹಾಕುವುದು), ಆಮೇಲೆ ತೂಕ, ಸಂಜೆಗೆ ಪಟ್ಟಿ. ಲೆಕ್ಕದ ಕೆಲಸವೆಲ್ಲ ಇರುವುದೇ ಎರಡನೇ ಅರ್ಧದಲ್ಲಿ.

ಅಂಗಡಿ ಹೇಗಿದೆ ಅಂದರೆ: ಮುಂದೆ ಕಟ್ಟೆ, ಒಳಗೆ ಗಾದಿ, ಗಾದಿಯ ಮೇಲೆ ಬಿಳಿ ಬಟ್ಟೆ, ಒರಗೋಕೆ ಲೋಡು, ಗೋಡೆಗೆ ಲಕ್ಷ್ಮಿ ಫೋಟೋ. ಗಾದಿಯ ಪಕ್ಕದಲ್ಲೇ ಒಂದು ಕಂಪ್ಯೂಟರ್, ಅದರಲ್ಲಿ ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿ. ಗುಮಾಸ್ತರು ಮೊದಲು ಕಿರ್ದಿ ಪುಸ್ತಕದಲ್ಲಿ ಪೆನ್ನಲ್ಲಿ ಬರೆಯುತ್ತಾರೆ, ರಾತ್ರಿ ಅದನ್ನೇ ನೋಡಿಕೊಂಡು ಟ್ಯಾಲಿಗೆ ಹಾಕುತ್ತಾರೆ. ಎರಡು ಸಲ ಯಾಕೆ ಕಾಕಾ ಅಂತ ಕೇಳಿದೆ. "ಕರೆಂಟ್ ಹೋದ್ರೆ ರೈತ ಕಾಯ್ತಾನೇನವ್ವಾ?" ಅಂದರು. ಆ ಗುಮಾಸ್ತರು ಆ ಅಂಗಡಿಯ ನಿಜವಾದ ಮೇಷ್ಟ್ರು. ಆದರೆ ಪಾಠ ಮಾಡುವುದಿಲ್ಲ. ನಾವು ಕೇಳಬೇಕು, ಅದೂ ಅವರ ಕೈ ಖಾಲಿ ಇದ್ದಾಗ.

ಸೇರಿದಾಗ ನನಗೆ ಕೊಟ್ಟ ಕೆಲಸ ತೇವಾಂಶ ಬರೆಯುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮೆಕ್ಕೆಜೋಳದ ವ್ಯಾಪಾರದ ಅರ್ಧ ಜಗಳ ಇದರಲ್ಲೇ ಇದೆ. ಒಂದು ಚಿಕ್ಕ ಮೀಟರ್. ಬಟ್ಟಲಿಗೆ ಕಾಳು ಸುರಿದು ಗುಂಡಿ ಒತ್ತಿದರೆ ನೂರಕ್ಕೆ ಎಷ್ಟು ನೀರಿದೆ ಅಂತ ತೋರಿಸುತ್ತದೆ. ಹದವಾಗಿ ಒಣಗಿದ ಕಾಳು ಅಂದರೆ 14. ಬೆಂಬಲ ಬೆಲೆ ಖರೀದಿಗೂ ಅದೇ ಮಿತಿ. ಅಕ್ಟೋಬರ್‌ನಲ್ಲಿ ಹೊಲದಿಂದ ನೇರ ಬಂದ ಮಾಲು 20 ದಾಟಿರುತ್ತದೆ. ಜಾಸ್ತಿ ನೀರಿದ್ದರೆ ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತದೆ, ಬೂಸ್ಟು ಹಿಡಿದ ಕಾಳನ್ನು ಕೋಳಿ ಆಹಾರದ ಫ್ಯಾಕ್ಟರಿಯವರು ಲಾರಿ ಸಮೇತ ವಾಪಸ್ ಕಳಿಸುತ್ತಾರೆ. ಹಾಗಾಗಿ ಖರೀದಿದಾರ ಹಸಿ ಮಾಲಿಗೆ ರೇಟು ಇಳಿಸುತ್ತಾನೆ. ಇದು ನ್ಯಾಯವೇ. ಎಷ್ಟು ಇಳಿಸಬೇಕು ಅನ್ನುವುದರಲ್ಲಿ ಮಾತ್ರ ಜಗಳ.

ಲೆಕ್ಕ ಹೀಗಿದೆ. 22 ತೇವಾಂಶದ ಒಂದು ಕ್ವಿಂಟಲ್ ಕಾಳಿನಲ್ಲಿ 22 ಕೆಜಿ ನೀರು, 78 ಕೆಜಿ ಗಟ್ಟಿ. ಒಣಗಿಸಿದರೆ ಹೋಗುವುದು ನೀರು ಮಾತ್ರ, ಗಟ್ಟಿ 78 ಹಾಗೇ ಉಳಿಯುತ್ತದೆ. ತೇವಾಂಶ 14ಕ್ಕೆ ಬಂದಾಗ ಆ 78 ಕೆಜಿ ಒಟ್ಟು ತೂಕದ ನೂರಕ್ಕೆ 86 ಆಗಿರುತ್ತದೆ. 78ನ್ನು 0.86ರಿಂದ ಭಾಗಿಸಿದರೆ 90.7 ಕೆಜಿ. ಅಂದರೆ ಕ್ವಿಂಟಲ್‌ಗೆ ಒಂಬತ್ತು ಕೆಜಿ ಮೇಲೆ ಆವಿಯಾಗಿ ಹೋಯಿತು. ನಮ್ಮ ಕಡೆ ಎಲ್ಲರೂ 22ರಲ್ಲಿ 14 ಕಳೆದು, ಎಂಟು ಕೆಜಿ ಹೋಗುತ್ತದೆ ಅಂದುಕೊಳ್ಳುತ್ತಾರೆ. ಅಪ್ಪನೂ ಹಾಗೇ ಅಂದುಕೊಂಡಿದ್ದರು. ಆ ಒಂದು ಚಿಲ್ಲರೆ ಕೆಜಿ ಒಂದು ಲೋಡಿನಲ್ಲಿ ಸಣ್ಣದಲ್ಲ.

ಈಗ ವ್ಯಾಪಾರದ ಪ್ರಶ್ನೆ. ಹಸಿ ಮಾಲಿಗೆ ಇವತ್ತು 1500 ಕೊಡುತ್ತಾರೆ, ಒಣ ಮಾಲಿಗೆ 1750 ಇದೆ ಅಂತ ಇಟ್ಟುಕೊಳ್ಳಿ. ಒಣಗಿಸಿದರೆ ಕ್ವಿಂಟಲ್‌ಗೆ 250 ಲಾಭ ಅಂತ ಕಾಣುತ್ತದೆ. ಆದರೆ ನಿಮ್ಮ ಹತ್ತಿರ ಇರುವುದು ಈಗ 90.7 ಕೆಜಿ. 1750ರಂತೆ ಅದಕ್ಕೆ ಬರುವುದು 1587. ಸಿಕ್ಕಿದ್ದು 87 ರೂಪಾಯಿ. ಅದರಲ್ಲಿ ಕಾಳು ಹರವಿ ತಿರುವುವ ಕೂಲಿ, ತಾಡಪಾಲಿನ ಬಾಡಿಗೆ, ರಾತ್ರಿ ಕಾವಲು. ನಡುವೆ ಮಳೆ ಬಂದರೆ ಎಲ್ಲ ಹೋಯಿತು. ಇಷ್ಟು ದಿನ ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ 'ನಾರ್ಮಲ್ ಲಾಸ್' (ತಪ್ಪಿಸಲಾಗದ ಸಹಜ ನಷ್ಟ) ಅಂತ ಲೆಕ್ಕ ಬಿಡಿಸುತ್ತಿದ್ದೆ. ಅದು ರಸ್ತೆ ಬದಿ ಹಳದಿ ಹಾಸಾಗಿ ಬಿದ್ದಿರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ, ಎರಡೂ ಒಂದೇ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ಮೀಟರ್ ಬಗ್ಗೆ ಒಂದು ಕಿವಿಮಾತು, ರೈತರ ಮಕ್ಕಳಿಗೆ. ಸುಡು ಬಿಸಿಲಿನಿಂದ ಆಗ ತಾನೇ ತೆಗೆದ ಬಿಸಿ ಕಾಳನ್ನು ಹಾಕಿದರೆ ಒಂದು ಅಂಕಿ, ನೆರಳಲ್ಲಿ ತಣಿದ ಮೇಲೆ ಹಾಕಿದರೆ ಇನ್ನೊಂದು ಅಂಕಿ ಬರಬಹುದು. ರಾಶಿಯ ಮೇಲಿನ ಕಾಳಿಗೂ ಒಳಗಿನ ಕಾಳಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ನಾಲ್ಕು ಕಡೆಯಿಂದ ಕಾಳು ತೆಗೆಸಿ, ಎರಡು ಮೂರು ಸಲ ನೋಡಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಈ ಅಂಗಡಿಯಲ್ಲಿ ಕೇಳಿದರೆ ನೋಡುತ್ತಾರೆ, ಮುಖ ಸಿಂಡರಿಸುವುದಿಲ್ಲ. ಅದಕ್ಕೇ ಕಲಿಕೆಗೆ ಐದರಲ್ಲಿ ಐದು ಕೊಟ್ಟಿದ್ದು.

ಟೆಂಡರ್ ಈಗ ಕಂಪ್ಯೂಟರಿನಲ್ಲಿ. ಕರ್ನಾಟಕದಲ್ಲಿ ಮಾರುಕಟ್ಟೆಗಳನ್ನು ಆನ್‌ಲೈನ್ ಮಾಡಲು 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಅನ್ನುವ ಸಂಸ್ಥೆ ಶುರುವಾಯಿತು. ರಾಜ್ಯ ಸರ್ಕಾರ ಮತ್ತು ಕೃಷಿ ಸರಕುಗಳ ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಕಡೆಯವರು ಸೇರಿ ಮಾಡಿದ್ದು. ಮಾಲು ಬಂದಾಗ ಪ್ರತಿ ರಾಶಿಗೂ ಒಂದು ಲಾಟ್ ನಂಬರ್ ಬೀಳುತ್ತದೆ, ಖರೀದಿದಾರರು ರಾಶಿ ನೋಡಿ ತಮ್ಮ ರೇಟು ಹಾಕುತ್ತಾರೆ, ಹೊತ್ತು ಮುಗಿದ ಮೇಲೆ ಯಾವ ಲಾಟ್‌ಗೆ ಯಾರದು ಹೆಚ್ಚು ಅಂತ ಗೊತ್ತಾಗುತ್ತದೆ. ರೇಟು ಒಪ್ಪದಿದ್ದರೆ ಬೇಡ ಅನ್ನುವ ಹಕ್ಕು ರೈತನಿಗಿದೆ.

ಓದೋಕೆ ಚೆನ್ನಾಗಿದೆ. ನೋಡಿದರೆ ಬೇರೆ ಕಾಣುತ್ತದೆ. ರಾಜ್ಯದ ಯಾವ ಮೂಲೆಯ ವ್ಯಾಪಾರಿ ಬೇಕಾದರೂ ರೇಟು ಹಾಕಬಹುದು ಅನ್ನುವುದು ಆಸೆ. ಆದರೆ ಕಾಳನ್ನು ಕೈಯಲ್ಲಿ ಹಿಡಿದು, ಹಲ್ಲಲ್ಲಿ ಕಚ್ಚಿ, ಮೂಗಿಗೆ ಹಿಡಿದು ನೋಡದೆ ಯಾರೂ ರೇಟು ಹಾಕುವುದಿಲ್ಲ. ಹಾಗಾಗಿ ನಮ್ಮ ಅಂಗಡಿ ಮುಂದೆ ರಾಶಿ ನೋಡೋಕೆ ಬರುತ್ತಿದ್ದವರು ಅದೇ ಬೆರಳೆಣಿಕೆಯ ಜನ. ಬೇಡ ಅನ್ನುವ ಹಕ್ಕಿದ್ದರೂ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಬಂದವನು ಮಾಲು ವಾಪಸ್ ಒಯ್ಯುತ್ತಾನಾ? ನಾನಿದ್ದಾಗ ಹಾಗೆ ಒಯ್ದವರು ತೀರಾ ಕಡಿಮೆ. ಕೆಲವರು ಮಾತ್ರ ನಾಳೆಗೆ ಇಡಿ ಅಂತ ರಾಶಿಗೆ ತಾಡಪಾಲು ಹೊದಿಸಿ ಅಲ್ಲೇ ಮಲಗುತ್ತಿದ್ದರು. ಪುಸ್ತಕದಲ್ಲಿ 'ಪರ್ಫೆಕ್ಟ್ ಕಾಂಪಿಟಿಷನ್'ಗೆ (ಯಾರೊಬ್ಬರೂ ಬೆಲೆ ನಿರ್ಧರಿಸಲಾಗದಷ್ಟು ಪೂರ್ತಿ ಪೈಪೋಟಿಗೆ) ಉದಾಹರಣೆ ಕೊಡುವಾಗ ಕೃಷಿ ಮಾರುಕಟ್ಟೆ ಅಂತ ಬರೆಯುತ್ತಾರೆ. ಅದನ್ನು ಬರೆದವರು ಒಂದು ಸಂಜೆ ಇಲ್ಲಿ ಬಂದು ಕೂರಬೇಕು.

ರೇಟು ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ಸಾವ್ಕಾರರು ಬೆಳಗ್ಗೆ ಫೋನಿನಲ್ಲಿ ಮೊದಲು ವಿಚಾರಿಸುವುದು ತಮಿಳುನಾಡಿನ ನಾಮಕ್ಕಲ್‌ನ ಮೊಟ್ಟೆ ರೇಟು. ಅಲ್ಲಿ ಕೋಳಿ ಫಾರಂಗಳೇ ಫಾರಂಗಳು, ಕೋಳಿ ತಿನ್ನುವುದು ಮೆಕ್ಕೆಜೋಳ. ಮೊಟ್ಟೆಗೆ ಬೆಲೆ ಇದ್ದರೆ ಫಾರಂನವನು ಧೈರ್ಯವಾಗಿ ಕೊಳ್ಳುತ್ತಾನೆ. ಆಮೇಲೆ ಸ್ಟಾರ್ಚ್ ಫ್ಯಾಕ್ಟರಿ, ಈಗೀಗ ಎಥನಾಲ್ ಕಾರ್ಖಾನೆ. ಆಮೇಲೆ ಇವತ್ತಿನ ಆವಕ, ಅಂದರೆ ಮಂಡಿಗೆ ಬಂದ ಮಾಲು, ಎಷ್ಟು. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ, ಆದರೆ ಆ ಕಡೆಯ ಮೆಕ್ಕೆಜೋಳಕ್ಕೆ ಅದು ಗೊತ್ತಿಲ್ಲ, ಇಲ್ಲಿಗೇ ಬರುತ್ತದೆ. ಎರಡು ದಿನ ಮಳೆ ಬಿಡುವು ಕೊಟ್ಟರೆ ಎಲ್ಲ ಕಡೆಯ ಟ್ರ್ಯಾಕ್ಟರ್ ಒಟ್ಟಿಗೆ ಬಂದು ರೇಟು ಬಿದ್ದೇ ಬೀಳುತ್ತದೆ. 2025-26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2400. ಅಂಗಡಿ ಮುಂದಿನ ರೇಟು ಅದರ ಹತ್ತಿರವೂ ಇರಲಿಲ್ಲ. 2400 ಎಲ್ಲಿ ಸಿಗ್ತದೆ ಅಂತ ರೈತರು ನನ್ನನ್ನೇ ಕೇಳುತ್ತಿದ್ದರು, ಓದಿದ ಹುಡುಗಿ ಅಂತ. ಸರ್ಕಾರ ಖರೀದಿ ಕೇಂದ್ರ ತೆರೆದು ತಾನೇ ಕೊಳ್ಳದ ಹೊರತು ಬೆಂಬಲ ಬೆಲೆ ಅನ್ನುವುದು ವ್ಯಾಪಾರಿಗೆ ಕಟ್ಟುಪಾಡಲ್ಲ. ಇದನ್ನು ಅವರ ಮುಖ ನೋಡಿಕೊಂಡು ಹೇಳುವುದು ವೈವಾದಲ್ಲಿ ಉತ್ತರ ಹೇಳಿದಷ್ಟು ಸಲೀಸಲ್ಲ.

ಇನ್ನು ಪಟ್ಟಿ. ನಾನು ಬಂದಿದ್ದೇ ಇದಕ್ಕೆ. ತೂಕ, ರೇಟು, ಒಟ್ಟು ಮೊತ್ತ, ಅದರಲ್ಲಿ ಕಳೆಯುವುದು, ಕೊನೆಗೆ ಕೈಗೆ ಬರುವುದು. ಕಳೆಯುವ ಸಾಲುಗಳಲ್ಲೇ ಎಲ್ಲ ಇದೆ. ದಲಾಲರ ಕಮಿಷನ್ ಕೊಡಬೇಕಾದವನು ಖರೀದಿದಾರ, ರೈತನಿಂದ ಹಿಡಿಯುವಂತಿಲ್ಲ. ಇದು ಕರ್ನಾಟಕದ ಕಾಯ್ದೆ. ಹಮಾಲಿ, ತೂಕದ ಕೂಲಿ ಯಾವುದು ಯಾರ ಲೆಕ್ಕಕ್ಕೆ ಅನ್ನುವುದಕ್ಕೂ ಎಪಿಎಂಸಿ ಸಮಿತಿ ನಿಗದಿ ಮಾಡಿದ ದರ ಇರುತ್ತದೆ. ಈ ಅಂಗಡಿಯ ಪಟ್ಟಿಯಲ್ಲಿ ಲಾಟ್ ನಂಬರ್ ಇದೆ, ಪ್ರತಿ ಸಾಲಿಗೂ ಹೆಸರಿದೆ. ಪಕ್ಕದ ಸಾಲಿನ ಒಂದು ಅಂಗಡಿಯಿಂದ ರೈತರೊಬ್ಬರು ತಂದು ತೋರಿಸಿದ್ದು ಬರೀ ಬಿಳಿ ಚೀಟಿ. ನಂಬರ್ ಇಲ್ಲ, ಅಂಗಡಿ ಹೆಸರಿಲ್ಲ, 'ಖರ್ಚು' ಅಂತ ಒಂದೇ ಸಾಲು. "ಯವ್ವಾ, ಇದನ್ನೊಂಚೂರು ಓದಿ ಹೇಳು" ಅಂದರು. ಓದೋಕೆ ಅದರಲ್ಲಿ ಏನೂ ಇರಲಿಲ್ಲ. ನಮ್ಮ ಗುಮಾಸ್ತರು ಅತ್ತ ತಿರುಗಿ ಕೂತರು. ಬೇರೆಯವರ ಅಂಗಡಿ ವಿಷಯಕ್ಕೆ ಅವರು ಬಾಯಿ ಹಾಕುವುದಿಲ್ಲ. ಅದು ಅಲ್ಲಿನ ರಿವಾಜು, ನನಗೆ ಹಿಡಿಸಲಿಲ್ಲ.

ಸ್ವಲ್ಪ ದಿನಕ್ಕೆ ಪಟ್ಟಿ ಓದಿ ಹೇಳುವುದು ನನ್ನ ಕೆಲಸವೇ ಆಗಿಹೋಯಿತು. ಯಾರೂ ಕೊಟ್ಟಿದ್ದಲ್ಲ. ಕಟ್ಟೆಯ ಮೇಲೆ ಕೂತ ರೈತರು "ಆ ಹುಡುಗಿ ಹೇಳ್ತಾಳ ಕೇಳ್ರಿ" ಅನ್ನೋಕೆ ಶುರು ಮಾಡಿದರು. ಸಾವ್ಕಾರರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಲೆಕ್ಕ ಹಾಕಿರಬೇಕು: ಪಟ್ಟಿ ತಿಳಿದ ರೈತ ಗುಮಾಸ್ತರ ಹತ್ತಿರ ಮತ್ತೆ ಮತ್ತೆ ಬಂದು ಕೇಳುವುದಿಲ್ಲ, ಸಂಜೆಯ ಗಲಾಟೆ ಕಡಿಮೆಯಾಗುತ್ತದೆ, ಮುಂದಿನ ಸಲ ಪಕ್ಕದ ಮನೆಯವನನ್ನೂ ಕರಕೊಂಡು ಬರುತ್ತಾನೆ. ಸುಮ್ಮನಾದರು. 'ಕಸ್ಟಮರ್ ರಿಲೇಷನ್‌ಶಿಪ್' ಅಂತ ನನ್ನ ವರದಿಯಲ್ಲಿ ಒಂದು ಅಧ್ಯಾಯ ಇದೆ, ಅದು ಇದೇ.

ಬಂಡವಾಳದ ಪಾಠವನ್ನು ಗುಮಾಸ್ತರು ಒಂದು ರಟ್ಟಿನ ತುಂಡಿನ ಮೇಲೆ ಬರೆದು ತೋರಿಸಿದರು. ನಾನು ಕೇಳಿದ ಪ್ರಶ್ನೆ: ಕಮಿಷನ್ ಸುಮ್ನೆ ಬರುವ ದುಡ್ಡಲ್ವಾ ಕಾಕಾ? ಮಾಲು ನಮ್ಮದಲ್ಲ, ಕೊಳ್ಳುವವರೂ ನಾವಲ್ಲ. ಅವರು ಬರೆದರು. ಹತ್ತು ಲಕ್ಷದ ಮಾಲು. ಕಮಿಷನ್ ನೂರಕ್ಕೆ ಎರಡು ಅಂತ ಹಿಡಿ. 20,000 ಬಂತು. ರೈತನಿಗೆ ದುಡ್ಡು ಇವತ್ತೇ ಬೇಕು, ಖರೀದಿದಾರ ಕೊಡುವುದು 20 ದಿನಕ್ಕೆ. ನಡುವಿನ ಹತ್ತು ಲಕ್ಷ ಎಲ್ಲಿಂದ ತರೋದು? ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ ಹಾಕಿದರೂ 20 ದಿನಕ್ಕೆ 10,000. ಕಮಿಷನ್ನಿನಲ್ಲಿ ಅರ್ಧ ಹೋಯ್ತು. ಉಳಿದ ಅರ್ಧದಲ್ಲಿ ಬಾಡಿಗೆ, ನನ್ನ ಸಂಬಳ, ನಿನ್ನ ಚಹಾ. ಆಮೇಲೆ ಪೆನ್ನು ಎತ್ತಿ ಕೇಳಿದರು: "ಒಬ್ಬ ಖರೀದಿದಾರ ಹತ್ತು ಲಕ್ಷ ಮುಳುಗಿಸಿದಾ ಅನ್ನು. ಅದನ್ನ ತುಂಬಿಸಾಕೆ ಎಷ್ಟು ವ್ಯಾಪಾರ ಮಾಡಬೇಕು?" ಐದು ಕೋಟಿ. ಖರ್ಚು ಏನೂ ಇಲ್ಲ ಅಂದುಕೊಂಡರೂ ಐದು ಕೋಟಿ. ಫೈನಾನ್ಸ್ ಕ್ಲಾಸಿನಲ್ಲಿ 'ವರ್ಕಿಂಗ್ ಕ್ಯಾಪಿಟಲ್ ಸೈಕಲ್' (ಹಾಕಿದ ದುಡ್ಡು ಸುತ್ತಿ ವಾಪಸ್ ಬರುವ ಚಕ್ರ) ಚಿತ್ರ ಬರೆದು ಹತ್ತು ಅಂಕ ತಗೊಂಡವಳು ನಾನು. ಆ ರಟ್ಟಿನ ತುಂಡು ನೋಡಿದ ಮೇಲೆ, ಸಾವ್ಕಾರರು ಕೆಲವು ಖರೀದಿದಾರರಿಗೆ ಯಾಕೆ ನಕ್ಕು ಮಾತಾಡಿಸಿಯೂ ಮಾಲು ಕೊಡುವುದಿಲ್ಲ ಅನ್ನುವುದು ತಿಳಿಯಿತು.

ಒಳಗಿನ ಇನ್ನೊಂದು ಪುಸ್ತಕವೂ ಇದೆ, ಮುಂಗಡದ್ದು. ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಮದುವೆಗೆ ಅಂತ ರೈತರು ಅಂಗಡಿಯಿಂದ ದುಡ್ಡು ತಗೊಂಡಿರುತ್ತಾರೆ. ತಗೊಂಡವನು ಮಾಲನ್ನು ಬೇರೆ ಅಂಗಡಿಗೆ ಹಾಕುವುದಿಲ್ಲ. ಯಾವ ಕಾಗದದಲ್ಲೂ ಹಾಗಂತ ಬರೆದಿಲ್ಲ, ಆದರೂ ಹಾಕುವುದಿಲ್ಲ. ಬ್ಯಾಂಕಿಗೆ ಹೋದರೆ ಪಹಣಿ, ಜಾಮೀನು, ನಾಳೆ ಬಾ. ಇಲ್ಲಿ ಒಂದು ಮಾತಿಗೆ ದುಡ್ಡು ಸಿಗುತ್ತದೆ. ಆ ಸಲೀಸಿಗೆ ರೈತ ಕೊಡುವ ಬೆಲೆ ಬಡ್ಡಿಯಷ್ಟೇ ಅಲ್ಲ, ನಾಲ್ಕು ಅಂಗಡಿ ತಿರುಗಿ ರೇಟು ನೋಡುವ ಸ್ವಾತಂತ್ರ್ಯ ಕೂಡ. ಸಾವ್ಕಾರರ ಎದುರೇ ಇದನ್ನು ಹೇಳಿದೆ. "ನಿಮ್ಮಪ್ಪನಿಗೆ ಬ್ಯಾಂಕ್ ಜೂನ್ ತಿಂಗಳಾಗ ಒಂದೇ ದಿನಕ್ಕೆ ಕೊಟ್ರೆ ನಾನ್ಯಾಕೆ ಬೇಕು?" ಅಂದರು. ಅವರ ಮಾತೂ ನಿಜ, ನನ್ನ ಮಾತೂ ನಿಜ. ವರದಿಯಲ್ಲಿ ಎರಡನ್ನೂ ಬರೆದೆ. ಗೈಡ್ ಮೇಡಂ ನನ್ನದರ ಕೆಳಗೆ ಮಾತ್ರ ಗೆರೆ ಎಳೆದರು.

ಯಾರಿಗೆ ಈ ಜಾಗ ಬೇಡ ಅಂದರೆ, ಜಿಎಸ್‌ಟಿ ಕಲಿಯಬೇಕು ಅನ್ನುವವರಿಗೆ. ಕಾಳಿನ ಮೇಲೂ ದಲಾಲರ ಕಮಿಷನ್ ಮೇಲೂ ತೆರಿಗೆ ಇಲ್ಲ, ನೀವು ಏನು ರಿಟರ್ನ್ ತುಂಬುತ್ತೀರಿ? ಅದಕ್ಕೆ ಆಡಿಟರ್ ಆಫೀಸೇ ಸರಿ. ಆದಾಯ ತೆರಿಗೆಯ ಒಂದೆರಡು ವಿಷಯ ಮಾತ್ರ ಕಣ್ಣಾರೆ ಕಾಣಬಹುದು. ಹತ್ತು ಸಾವಿರಕ್ಕಿಂತ ಹೆಚ್ಚು ನಗದು ಖರ್ಚು ವ್ಯಾಪಾರದ ಲೆಕ್ಕಕ್ಕೆ ಒಪ್ಪುವುದಿಲ್ಲ ಅಂತ ಓದುತ್ತೇವೆ. ಆದರೆ ಬೆಳೆದ ರೈತನಿಗೇ ಬೆಳೆಯ ದುಡ್ಡು ಕೊಟ್ಟರೆ ಅದಕ್ಕೆ ವಿನಾಯಿತಿ ಇದೆ. ಆ ವಿನಾಯಿತಿ ಯಾಕೆ ಇಟ್ಟರು ಅಂತ ಶನಿವಾರ ಸಂಜೆಯ ಗಲ್ಲಾ ಪೆಟ್ಟಿಗೆ ನೋಡಿದರೆ ಗೊತ್ತಾಗುತ್ತದೆ. ಎರಡು ಲಕ್ಷ ಮುಟ್ಟಿದರೆ ನಗದು ಇಲ್ಲ, ಬ್ಯಾಂಕಿಗೇ. ಪಾಸ್‌ಬುಕ್ ತರದೆ ಬಂದು ಬೈಸಿಕೊಳ್ಳುವವರು ದಿನಾ ಒಬ್ಬರಾದರೂ ಇರುತ್ತಾರೆ.

ಈಗ ಸೌಕರ್ಯಕ್ಕೆ ಒಂದೂವರೆ ಯಾಕೆ ಅಂತ. ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ಅಂಗಡಿಯಲ್ಲಿ ಇಲ್ಲವೇ ಇಲ್ಲ, ಹೊರಗಿರುವುದಕ್ಕೆ ದೂರ ನಡೆಯಬೇಕು, ಹೋದರೆ ಬೀಗ ಇರಬಹುದು. ಕಾಳು ಗುಡಿಸುವ ಹೆಂಗಸರು ನನಗೆ ಮೊದಲ ದಿನವೇ ನೀರು ಕಡಿಮೆ ಕುಡಿ ಅಂದರು. ಅಷ್ಟು ಜನ ಹೆಣ್ಣುಮಕ್ಕಳು ದುಡಿಯುವ ಜಾಗದಲ್ಲಿ ಇದು ಸಲಹೆ ಅಂತ ಬಾಯಿಂದ ಬಾಯಿಗೆ ಹೋಗುತ್ತಿದೆ ಅಂದರೆ ಏನು ಹೇಳೋಣ. ದೂಳು ವಿಪರೀತ. ಜರಡಿ ಹಿಡಿಯುವ ಹೊತ್ತಿಗೆ ಮಾಸ್ಕ್ ಇಲ್ಲದೆ ಕೂರಬೇಡಿ, ಅಸ್ತಮಾ ಇದ್ದವರು ಹೋಗಲೇಬೇಡಿ.

ಇನ್ನೊಂದು ಗೊಣಗಾಟ. ಹುಡುಗಿ ಅಂತ ತುಂಬಾ ಜೋಪಾನ ಮಾಡಿದರು. ರಾತ್ರಿ ತೂಕಕ್ಕೆ ನಿಲ್ಲಿಸಲಿಲ್ಲ, ಲಾರಿ ಲೋಡ್ ಆಗುವುದನ್ನು ನೋಡಲು ಬಿಡಲಿಲ್ಲ, ಆರು ಗಂಟೆ ಆಗುತ್ತಿದ್ದ ಹಾಗೆ "ಹೊತ್ತಾತು, ಹೊರಡವ್ವಾ" ಶುರು. ಕಾಳಜಿ ಅಂತ ಗೊತ್ತು. ಆದರೆ ನನ್ನ ಜೊತೆ ಒಂದು ವಾರ ಬಂದು ಹೋದ ಜೂನಿಯರ್ ಹುಡುಗನಿಗೆ ಮಾತ್ರ ಕಾಟಾ (ತೂಕದ ಯಂತ್ರ) ಹತ್ತಿರ ನಿಲ್ಲೋಕೆ ಬಿಟ್ಟರು. ಎಲೆಕ್ಟ್ರಾನಿಕ್ ಕಾಟಾದಲ್ಲಿ ಚೀಲದ ತೂಕ ಹೇಗೆ ಕಳೆಯುತ್ತಾರೆ, ಎಷ್ಟು ಕಳೆಯುತ್ತಾರೆ ಅನ್ನುವುದನ್ನು ನಾನು ಅವನಿಂದ ಕೇಳಿ ಬರೆದುಕೊಳ್ಳಬೇಕಾಯಿತು. ಅವನಿಗೆ ಬರವಣಿಗೆ ಬರುವುದಿಲ್ಲ, ನನಗೆ ಕಾಟಾ ಸಿಗಲಿಲ್ಲ.

ಸ್ಟೈಪೆಂಡ್ ಬಗ್ಗೆ ಅವರು ಮಾತೇ ಎತ್ತಲಿಲ್ಲ. ನಾನೇ ಕೇಳಿದೆ. ಮಂಡಿಯಲ್ಲಿ ಕೇಳದೆ ಯಾವುದಕ್ಕೂ ರೇಟು ಬೀಳುವುದಿಲ್ಲ ಅಂತ ಅಷ್ಟರಲ್ಲಿ ಕಲಿತಿದ್ದೆ. ಸಾವ್ಕಾರರು ನಕ್ಕು, ಹಮಾಲರ ದಿನಗೂಲಿಗಿಂತ ಕಡಿಮೆ ಹೇಳಿದರು. ನಾನು ಬಸ್ ಖರ್ಚು ಸೇರಿಸಿ ಹೇಳಿದೆ. ನಡುವೆ ಎಲ್ಲೋ ನಿಂತಿತು. ದೀಪಾವಳಿಯ ಲಕ್ಷ್ಮಿ ಪೂಜೆಗೆ ಹೊಸ ಕಿರ್ದಿ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿದಾಗ ಒಂದು ಸೀರೆಯನ್ನೂ ಕೊಟ್ಟರು, ಅದು ಲೆಕ್ಕಕ್ಕೆ ಹೊರಗೆ.

ಚಹಾಕ್ಕೆ ನಾಲ್ಕು ಕೊಟ್ಟಿದ್ದೇನೆ. ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ ಸಕ್ಕರೆ ಜಾಸ್ತಿ. ಟೆಂಡರ್ ಮುಗಿದ ಮೇಲೆ ಮಂಡಕ್ಕಿ, ಮಿರ್ಚಿ ಬರುತ್ತದೆ, ಹಮಾಲರು, ಗುಮಾಸ್ತರು, ಕೂತ ರೈತರು ಎಲ್ಲರಿಗೂ ಒಂದೇ ಪೇಪರಿನ ಮೇಲೆ. ಅದು ಯಾವ ಖಾತೆಗೆ ಹೋಗುತ್ತದೆ ಅಂತ ಟ್ಯಾಲಿಯಲ್ಲಿ ಹುಡುಕಿದೆ. 'ಇತರೆ'.

ಹೋಗಬೇಕು ಅನ್ನುವವರಿಗೆ: ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಹೋಗಿ. ಫೆಬ್ರುವರಿಯಲ್ಲಿ ಹೋದರೆ ನೊಣ ಹೊಡೆಯಬೇಕಾಗುತ್ತದೆ. ಕಾಲೇಜಿನ ಪತ್ರ ಹಿಡಿದು ನೇರವಾಗಿ ಗಾದಿಯ ಮುಂದೆ ನಿಂತು ಕೇಳಿ, ಮೇಲ್ ಮಾಡಬೇಡಿ, ಯಾರೂ ನೋಡುವುದಿಲ್ಲ. ಮೊದಲು ಎರಡು ಮೂರು ಅಂಗಡಿಯ ಕಟ್ಟೆ ಮೇಲೆ ಸುಮ್ನೆ ಅರ್ಧ ದಿನ ಕೂತು, ಯಾರ ಪಟ್ಟಿಯಲ್ಲಿ ಲಾಟ್ ನಂಬರ್ ಇದೆ ನೋಡಿಕೊಳ್ಳಿ. ಬಿಳಿ ಚೀಟಿ ಕೊಡುವ ಅಂಗಡಿಗೆ ಸೇರಬೇಡಿ, ಅಲ್ಲಿ ನಿಮಗೂ ಪುಸ್ತಕ ತೋರಿಸುವುದಿಲ್ಲ. ಕಡು ಬಣ್ಣದ ಬಟ್ಟೆ ಹಾಕಿಕೊಳ್ಳಬೇಡಿ, ದೂಳು ಎದ್ದು ಕಾಣುತ್ತದೆ. ಕ್ಯಾಲ್ಕುಲೇಟರ್ ಬೇಡ, ಗುಮಾಸ್ತರ ಮುಂದೆ ಅದನ್ನು ತೆಗೆದರೆ ಮರ್ಯಾದೆ ಹೋಗುತ್ತದೆ.

ಸರ್ಟಿಫಿಕೇಟ್ ಬೇಕಿದ್ದರೆ ಹೊರಗೆ ಟೈಪ್ ಮಾಡಿಸಿಕೊಂಡು ಹೋಗಿ. ಅವರು ಸಹಿ ಹಾಕುತ್ತಾರೆ, ಟೈಪ್ ಮಾಡುವುದಿಲ್ಲ. ನನ್ನದರಲ್ಲಿ 'ಹ್ಯೂಮನ್ ರಿಸೋರ್ಸ್ ಮ್ಯಾನೇಜರ್' ಅಂತ ಕಾಲೇಜಿನ ನಮೂನೆಯಲ್ಲಿ ಒಂದು ಜಾಗ ಇತ್ತು. ಅಲ್ಲಿ ಗುಮಾಸ್ತರು ಸಹಿ ಹಾಕಿದ್ದಾರೆ.